ಹೊನ್ನು ಹುಡುಕುವ ಮುನ್ನ

ಹಾಳು ಕೋಟೆ ಇದ್ದಲ್ಲಿ ಹೂತಿಟ್ಟ ಹೊನ್ನಿನ ಮಾತೂ ಇರುತ್ತದೆ. 1490ರಿಂದ 1686ರವರೆಗೆ ಆದಿಲಶಾಹಿಗಳು ಆಳಿದ ವಿಜಯಪುರದಲ್ಲಂತೂ ಅದಕ್ಕೆ ಬರವಿಲ್ಲ. ಈಗ ಲೋಹಶೋಧಕ ಯಂತ್ರ ಹಣ ಕೊಟ್ಟರೆ ಸಿಗುವುದರಿಂದ, ಅದನ್ನು ಹಿಡಿದು ಎಲ್ಲಿ ಹುಡುಕಬೇಕೆಂದು ಮಕ್ಕಳು ಕೇಳಿದರೆ ಆಶ್ಚರ್ಯವಿಲ್ಲ. ಉತ್ತರವನ್ನು ಮೊದಲು ನೆಲವನ್ನೇ ಕೇಳಬೇಕು.

ನಗರದಿಂದ ಪಶ್ಚಿಮಕ್ಕೆ ತಿಕೋಟಾದ ದಾರಿ ಹಿಡಿಯಿರಿ. ದ್ರಾಕ್ಷಿ ತೋಟಗಳ ನಡುವೆ ತೋಡಿದ ಬಾವಿಗಳಲ್ಲಿ ಕಾಣುವುದು ಕರಿಗಲ್ಲು. ಸುಮಾರು 6.5 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಹೆಪ್ಪುಗಟ್ಟಿ ಆದ ಬಸಾಲ್ಟ್ ಇದು. ನಮ್ಮ ನಾಡಿನ ಚಿನ್ನವಿರುವುದು ಇದರಲ್ಲಲ್ಲ, 250 ಕೋಟಿ ವರ್ಷ ಮೀರಿದ ಧಾರವಾಡ ಶಿಲೆಗಳಲ್ಲಿ. ನೆರೆಯ ರಾಯಚೂರು ಜಿಲ್ಲೆಯ ಹಟ್ಟಿ ಗಣಿ ಅಂಥದು. ಅಲ್ಲಿಯೂ ಒಂದು ಟನ್ ಅದಿರು ಅರೆದರೆ ಸಿಗುವುದು ಕೆಲವೇ ಗ್ರಾಂ. ಅಷ್ಟು ಸಣ್ಣ ಕಣಗಳು ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ತಿಳಿಯವು.

ಯಂತ್ರದ ಗುಣವೂ ಗೊತ್ತಿರಬೇಕು. ಅದರ ಸುರುಳಿಯ ಕಾಂತಕ್ಷೇತ್ರ ನೆಲದೊಳಗಿನ ಲೋಹದಲ್ಲಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟಿಸುತ್ತದೆ. ಅದರ ಮಾರ್ದನಿಯೇ ನಮಗೆ ಕೇಳುವ ಸದ್ದು. ನಾಣ್ಯವೊಂದು ಗೇಣಿಗಿಂತ ಆಳದಲ್ಲಿದ್ದರೆ ಸಾಮಾನ್ಯ ಯಂತ್ರಕ್ಕೆ ಕಷ್ಟ. ಬಸಾಲ್ಟಿನ ಮಣ್ಣಿನಲ್ಲಿರುವ ಕಬ್ಬಿಣದ ಖನಿಜ ಸುಳ್ಳು ಸದ್ದು ಮಾಡಿಸುತ್ತದೆ. ಚಿನ್ನದ ಉಂಗುರಕ್ಕೂ ಅಲ್ಯೂಮಿನಿಯಂ ಚೂರಿಗೂ ಹೆಚ್ಚುಕಡಿಮೆ ಒಂದೇ ದನಿ!

ಹಾಗಾದರೆ ಹಳೆಯ ಗೋಡೆಗಳ ಬುಡದಲ್ಲಿ? ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದು 1958ರ ಕಾಯ್ದೆಯಂತೆ ಅಪರಾಧ. ಸ್ವಂತ ಹೊಲದಲ್ಲಿ ನಿಧಿ ಸಿಕ್ಕರೂ ಕರ್ನಾಟಕದ 1962ರ ನಿಧಿ ಕಾಯ್ದೆಯಂತೆ ಸರ್ಕಾರಕ್ಕೆ ತಿಳಿಸಬೇಕು.

ಇದಕ್ಕೆ ಕಾರಣವಿದೆ. ಆದಿಲಶಾಹಿ ಕಾಲದ ತಾಮ್ರದ ಕಾಸು ಯಾವ ಪದರಿನಲ್ಲಿ, ಯಾವ ಮಡಕೆಚೂರಿನ ಪಕ್ಕ ಬಿದ್ದಿತ್ತು ಎಂಬುದು ಗೊತ್ತಾದರೆ, ಅಲ್ಲಿದ್ದುದು ಪೇಟೆಯೋ ಮನೆಯೋ ಎಂದು ಊಹಿಸಬಹುದು. ಕಿತ್ತು ತೆಗೆದ ಮೇಲೆ ಅದು ಬರಿಯ ತಾಮ್ರ. ನಿಧಿಯಾಸೆಯ ಒಂದು ಗುಂಡಿಯಲ್ಲಿ ಊರಿನ ಇತಿಹಾಸದ ಒಂದು ಪುಟ ಹೋಗಿಬಿಡುತ್ತದೆ. ಅದನ್ನು ಮತ್ತೆ ಬರೆಯಲು ಯಾರಿಂದಲೂ ಆಗದು.

ಆದ್ದರಿಂದ ಯಂತ್ರ ಬೇಕೇ ಬೇಕೆನ್ನುವ ಮಕ್ಕಳು ಮನೆಯ ಹಿತ್ತಲಲ್ಲಿ ಬಿದ್ದ ಮೊಳೆ, ಕಳೆದ ಕೀಲಿಕೈ ಹುಡುಕಿ ವಿಜ್ಞಾನ ಕಲಿಯಲಿ. ಹಳೆಯ ಕಾಲದ ವಸ್ತು ನೋಡಬೇಕೆಂದರೆ ಗೋಳಗುಮ್ಮಟದ ಎದುರಿನ ನಗಾರಖಾನೆಯಲ್ಲಿ ವಸ್ತುಸಂಗ್ರಹಾಲಯವಿದೆ.

ಅದನ್ನು ನೋಡಿಕೊಂಡು ಬಬಲೇಶ್ವರದ ಕಡೆ ಹೊರಡಿ. ದಾರಿಯಲ್ಲಿ ಸಾರವಾಡದ ಬಳಿ ಡೋಣಿ ನದಿ ಸಿಗುತ್ತದೆ. ‘ಡೋಣಿ ಹರಿದರೆ ಓಣಿಯೆಲ್ಲ ಕಾಳು’ ಎಂಬುದು ಇಲ್ಲಿಯ ಗಾದೆ. ಚಿನ್ನ ಕೊಡದ ಕರಿಗಲ್ಲೇ ಸವೆದು ಎರೆಮಣ್ಣಾಗಿ, ಬಿಳಿಜೋಳ ಬೆಳೆದು ತಲೆಮಾರುಗಳನ್ನು ಸಾಕಿದೆ.