ಏಳು ಕಡವುಗಳ ಹೆದ್ದಾರಿ

ನಾರ್ವೆಯ ದಕ್ಷಿಣದ ಕ್ರಿಸ್ಟಿಯಾನ್‌ಸಾಂಡ್ ನಗರದಿಂದ ಉತ್ತರಕ್ಕೆ ಟ್ರಾಂಡ್‌ಹೈಮ್‌ವರೆಗೆ ಸುಮಾರು 1,100 ಕಿಲೋಮೀಟರು ಸಾಗುವ ಇ-39 ಹೆದ್ದಾರಿಯು ಏಳೆಡೆ ನೀರಿನ ಅಂಚಿಗೆ ಬಂದು ನಿಂತುಬಿಡುತ್ತದೆ. ಮುಂದಿರುವುದು ಫ್ಯೋರ್ಡ್, ಹಿಮನದಿಯು ಕೊರೆದ ಕಣಿವೆಯೊಳಕ್ಕೆ ನುಗ್ಗಿದ ಕಡಲು. ವಾಹನಗಳು ಸಾಲುಗಟ್ಟಿ ಫೆರಿ ಹಡಗಿಗಾಗಿ ಕಾಯುತ್ತವೆ.

ಸೇತುವೆ ಕಟ್ಟಬಾರದೇಕೆ ಎನ್ನುವುದು ಸುಲಭ. ಲಾವಿಕ್ ಬಳಿಯ ಸೋಗ್ನೆಫ್ಯೋರ್ಡಿನ ಆಳ ಸಾವಿರ ಮೀಟರಿಗೂ ಮಿಕ್ಕಿದ್ದು. ಅಲ್ಲಿ ಕಂಬವನ್ನು ಊರುವುದೆಲ್ಲಿ? ಬೆರ್ಗೆನ್ ನಗರದ ಉತ್ತರದಲ್ಲಿ 1994ರಲ್ಲಿ ತೆರೆದ ನೂರ್‌ಹೋರ್ಡ್‌ಲಾಂಡ್ ಸೇತುವೆಗಂತೂ ನೀರೇ ನೆಲ. ಅದರ ಬಹುಭಾಗ ಕಾಂಕ್ರೀಟಿನ ಪೊಳ್ಳು ತೆಪ್ಪಗಳ ಮೇಲೆ ತೇಲುತ್ತಿದೆ. ದಕ್ಷಿಣದ ಬೊಕ್ನಾಫ್ಯೋರ್ಡಿನಡಿ ಕೊರೆಯುತ್ತಿರುವ ಸುಮಾರು 27 ಕಿಲೋಮೀಟರಿನ ಸುರಂಗವು ಸಮುದ್ರಮಟ್ಟಕ್ಕಿಂತ 390 ಮೀಟರು ಕೆಳಕ್ಕಿಳಿಯಲಿದೆ.

ಫೆರಿಗಳನ್ನೆಲ್ಲ ತೊಡೆದು 21 ಗಂಟೆಯ ಪಯಣವನ್ನು ಅರ್ಧಕ್ಕಿಳಿಸಬೇಕೆಂಬುದು ಸರಕಾರದ ಬಹುಕಾಲದ ಗುರಿ. ಇದರಿಂದ ದಾರಿಯ ಸೊಬಗು ಕೆಡುವುದೆಂದು ಮರುಗುವವರು ಬಿಡುವುಳ್ಳ ಪ್ರವಾಸಿಗರು. ನಡುರಾತ್ರಿ ರೋಗಿಯನ್ನು ಆಸ್ಪತ್ರೆಗೊಯ್ಯಬೇಕಾದವನಿಗೆ ಈ ಕಾಯುವಿಕೆಯಲ್ಲಿ ಯಾವ ಸೊಬಗು?

ಆದರೂ ಸೋಗ್ನೆಫ್ಯೋರ್ಡಿಗೆ ಇಂದಿಗೂ ಹಡಗೇ ಗತಿ. ಬ್ಯಾಟರಿಯಿಂದಲೇ ನಡೆಯುವ ಜಗತ್ತಿನ ಮೊದಲ ಕಾರು-ಫೆರಿ ‘ಆಂಪಿಯರ್’ 2015ರಲ್ಲಿ ಬಳಕೆಗೆ ಬಂದುದೂ ಈ ಕಡವಿನಲ್ಲಿಯೇ. ಎಂಜಿನ್ನಿನ ಗದ್ದಲವಿಲ್ಲದ ಇಪ್ಪತ್ತು ನಿಮಿಷಗಳ ಬಳಿಕ ಎದುರು ದಡದಲ್ಲಿ ಮುಂಬಾಗಿಲು ತೆರೆಯುತ್ತದೆ. ರಸ್ತೆ ಮತ್ತೆ ಮೊದಲಾಗುತ್ತದೆ.