ಹಬ್ಬ ಮುಗಿದ ಮೇಲಿನ ಕುಂಬಳಕಾಯಿ

ನವೆಂಬರ್ ಮೊದಲ ವಾರ ಅಮೆರಿಕದ ಬಡಾವಣೆಗಳಲ್ಲಿ ನಡೆದು ಹೋಗುವಾಗ ಮನೆ ಮನೆಯ ಮೆಟ್ಟಿಲ ಮೇಲೂ ಕುಂಬಳಕಾಯಿ ಕಾಣುತ್ತದೆ. ಅಕ್ಟೋಬರ್ 31ರ ಹ್ಯಾಲೋವೀನ್ ರಾತ್ರಿ ಹೊಟ್ಟೆಯೊಳಗೆ ದೀಪ ಇಟ್ಟುಕೊಂಡು ಹಲ್ಲು ಕಿರಿದಿದ್ದ ಕಾಯಿಗಳವು. ಈಗ ಬಾಯಿ ಒಳಕ್ಕೆ ಕುಸಿದಿದೆ, ಕಣ್ಣಿನ ತೂತಿನ ಸುತ್ತ ಬೂಷ್ಟು ಹಿಡಿದಿದೆ, ತಳ ಮೆತ್ತಗಾಗಿದೆ. ಎಷ್ಟೋ ಕಾಯಿಗಳು ಕಸದ ಲಾರಿ ಹತ್ತುತ್ತವೆ. ಬೇಸಿಗೆಯಿಡೀ ಬಿಸಿಲು, ನೀರು, ದುಡಿಮೆ ಉಂಡು ಬೆಳೆದ ಕಾಯಿಗೆ ಈ ಗತಿ ಬರುವುದು ನನಗೆ ಸಂಕಟವೇ.

ಕುಂಬಳದ ತೂಕದಲ್ಲಿ ಶೇಕಡಾ 90ರಷ್ಟು ಬರೀ ನೀರು. ಕಸದ ಗುಡ್ಡೆಯಡಿ ಗಾಳಿಯಿಲ್ಲದೆ ಕೊಳೆತರೆ ಅದು ಮೀಥೇನ್ ಅನಿಲ ಬಿಡುತ್ತದೆ. ಹಿತ್ತಿಲ ಮಣ್ಣಿಗೆ ಸೇರಿದರೆ ಗೊಬ್ಬರವಾಗುತ್ತದೆ. ಕೆಲಸ ಸುಲಭ. ಮೇಣ, ಬಣ್ಣ, ಮಿನುಗುಪುಡಿ ಇದ್ದ ಭಾಗವನ್ನು ಕತ್ತರಿಸಿ ಬಿಸಾಡಬೇಕು. ಬೀಜ ತೆಗೆದಿಡಬೇಕು, ಇಲ್ಲದಿದ್ದರೆ ಗೊಬ್ಬರದ ಗುಂಡಿ ತುಂಬ ಬಳ್ಳಿ ಎದ್ದೀತು. ಉಳಿದದ್ದನ್ನು ಸನಿಕೆಯಿಂದ ಜಜ್ಜಿ, ಒಣ ಎಲೆಯೊಂದಿಗೆ ಪದರ ಪದರವಾಗಿ ಹರಡಿದರಾಯಿತು. ಮೇಪಲ್ ಮರಗಳು ಎಲೆ ಉದುರಿಸುವುದೂ ಅದೇ ಹೊತ್ತಿಗೆ. ಹಸಿ ತಿರುಳಿನ ನೀರನ್ನು ಒಣ ಎಲೆ ಹೀರಿಕೊಂಡು ವಾಸನೆ ತಡೆಯುತ್ತದೆ.

ಕೊರೆಯದ, ಬಣ್ಣ ಬಳಿಯದ ಕಾಯಿಗೆ ಮೊದಲ ಹಕ್ಕು ಅಡುಗೆಮನೆಯದು. ಅಲ್ಲಿನ ಕನ್ನಡಿಗರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ತಿರುಳು ಹುಳಿಗೆ, ಸಿಪ್ಪೆ ಚಟ್ನಿಗೆ. ಉಪ್ಪು ಹಾಕದೆ ಒಣಗಿಸಿದ ಬೀಜವನ್ನು ಹಕ್ಕಿಗಳಿಗೂ ಅಳಿಲುಗಳಿಗೂ ಇಡಬಹುದು.

ಆದರೆ ಕಾಡಿಗೆ ಒಯ್ದು ಎಸೆಯುವುದು ಬೇಡ. ಬ್ರಿಟನ್ನಿನ ಮುಳ್ಳುಹಂದಿಯಂಥ ಪುಟ್ಟ ಹೆಜ್‌ಹಾಗ್ ಚಳಿಗಾಲದ ನಿದ್ದೆಗೆ ಮೈಯಲ್ಲಿ ಕೊಬ್ಬು ಕೂಡಿಡುವ ಸಮಯವದು; ಕುಂಬಳ ತಿಂದು ಭೇದಿಯಾದರೆ ಅದರ ಜೀವಕ್ಕೇ ಕುತ್ತು. ಅಮೆರಿಕದಲ್ಲಿ ಆಹಾರದ ಸುತ್ತ ಜಿಂಕೆಗಳು ಗುಂಪುಗೂಡಿದರೆ ಮಾರಕ ರೋಗ ಒಂದರಿಂದ ಇನ್ನೊಂದಕ್ಕೆ ಹರಡುತ್ತದೆಂದು ಕೆಲವು ರಾಜ್ಯಗಳು ಜಿಂಕೆಗೆ ಮೇವು ಹಾಕುವುದನ್ನೇ ನಿಷೇಧಿಸಿವೆ. ಪ್ರಾಣಿಯ ಮೇಲಿನ ಪ್ರೀತಿಗೆ ತಿಳಿವಳಿಕೆಯೂ ಜೊತೆಗಿರಬೇಕು.

ಪ್ರಾಣಿಗೆ ಕೊಡುವ ಚಂದದ ರೀತಿಯನ್ನು ಪೋರ್ಟ್‌ಲ್ಯಾಂಡಿನ ಆರೆಗಾನ್ ಮೃಗಾಲಯದಲ್ಲಿ ನೋಡಬೇಕು. ಅಲ್ಲಿ 1999ರಿಂದ ಆನೆಗಳಿಗೆ ದೈತ್ಯ ಕುಂಬಳಕಾಯಿ ಕೊಡುತ್ತಾರೆ. ಆನೆ ಕಾಯಿಯ ಮೇಲೆ ಕಾಲಿಟ್ಟು ಭಾರ ಬಿಡುತ್ತದೆ. ಕಾಯಿ ಬಿರಿದ ಮೇಲೆ ಸೊಂಡಿಲಿನಿಂದ ಹೋಳು ಎತ್ತಿ ಬಾಯಿಗಿಡುತ್ತದೆ. ಈ ನಂಟು ಹೊಸದಲ್ಲ. ಆನೆಯ ದೂರದ ಬಂಧು, ಈಗ ಅಳಿದುಹೋಗಿರುವ ಮಾಸ್ಟೊಡಾನ್ ಕುಂಬಳದ ಕಹಿ ಪೂರ್ವಜರನ್ನು ತಿನ್ನುತ್ತಿತ್ತು. ಫ್ಲಾರಿಡಾದಲ್ಲಿ ಸಿಕ್ಕ ಅದರ ಲದ್ದಿಯಲ್ಲಿ ಆ ಬೀಜಗಳಿವೆ. ಮೆಕ್ಸಿಕೋದ ಜನ ಸುಮಾರು 10,000 ವರ್ಷಗಳ ಹಿಂದೆ ಈ ಬಳ್ಳಿಯನ್ನು ಪಳಗಿಸುವ ಮೊದಲು ಅದರ ಬೀಜ ಹೊತ್ತು ಬಿತ್ತಿದವರು ಇಂಥ ಪ್ರಾಣಿಗಳೇ.

ಇಲಿನಾಯ್‌ನ ಹಲವು ಊರುಗಳಲ್ಲಿ ಹಬ್ಬ ಮುಗಿದ ಮೇಲೆ ಮಕ್ಕಳನ್ನು ಸೇರಿಸಿ ಕಾಯಿ ಒಡೆಸಿ, ಗೊಬ್ಬರಕ್ಕೆ ಕಳಿಸುತ್ತಾರೆ. ಹಿತ್ತಿಲಿಲ್ಲದವರಿಗೆ ಅದೇ ದಾರಿ. ಕಾಯಿ ಕೊಳ್ಳುವ ದಿನವೇ ಅದು ಕೊನೆಗೆ ಎಲ್ಲಿಗೆ ಹೋಗಬೇಕೆಂದು ಮನೆಮಂದಿ ಕೂಡಿ ಗೊತ್ತುಮಾಡಿಕೊಂಡರೆ, ಬಣ್ಣ ಬಳಿಯುವ ಕೈ ತಾನಾಗಿಯೇ ಹಿಂಜರಿಯುತ್ತದೆ, ಕಸದ ಲಾರಿಗೂ ಕೆಲಸ ಕಡಿಮೆಯಾಗುತ್ತದೆ.