ಕಾಡಿನಲ್ಲಿ ಬಿಡಾರ

ತಪಸ್ಸುಕಾಲದ ಮೊದಲ ಭಾನುವಾರ ಯೇಸುಸ್ವಾಮಿ ನಲವತ್ತು ದಿನ ಬೆಂಗಾಡಿನಲ್ಲಿ ಕಳೆದ ಪ್ರಸಂಗವನ್ನು ನಾವೆಲ್ಲ ಕೇಳುತ್ತೇವೆ. ಮತ್ತಾಯನೂ ಲೂಕನೂ ಮೂರು ಶೋಧನೆಗಳನ್ನು ವಿವರವಾಗಿ ಹೇಳಿದರೆ, ಮಾರ್ಕನು ಒಂದೆರಡು ಮಾತಿನಲ್ಲಿ ಮುಗಿಸುತ್ತಾನೆ. ಆದರೆ ಉಳಿದವರು ಹೇಳದ ಒಂದು ಸಂಗತಿಯನ್ನು ಅವನು ಸೇರಿಸಿದ್ದಾನೆ. ಅಲ್ಲಿ ಪ್ರಭುವಿನ ಜೊತೆ ಕಾಡುಮೃಗಗಳಿದ್ದವು. ಹೆದರಿಸಿದವೆಂದಾಗಲಿ ಓಡಿದವೆಂದಾಗಲಿ ಹೇಳಿಲ್ಲ, ಸುಮ್ಮನೆ ಇದ್ದವು.

ಈ ಮಾತು ನನ್ನನ್ನು ಹಿಡಿದು ನಿಲ್ಲಿಸಿದ್ದು ಕಳೆದ ಜನವರಿಯಲ್ಲಿ. ಬೋಟ್ಸ್ವಾನಾದ ರಾಜಧಾನಿ ಗಾಬೊರೋನ್‌ನಲ್ಲಿ ಉದ್ಯೋಗದಲ್ಲಿರುವ ನನ್ನ ತಮ್ಮನ ಮಗ ಕ್ರಿಸ್‌ಮಸ್ ರಜೆಗೆ ಬಂದಿದ್ದ. ಅಲ್ಲಿನವರು ಜೀಪಿನ ನೆತ್ತಿಯ ಮೇಲೆಯೇ ಡೇರೆ ಬಿಚ್ಚಿ ಮಲಗುತ್ತಾರಂತೆ. ಅವನೂ ಹಾಗೆಯೇ ಕಲಹಾರಿಯನ್ನು ದಾಟಿ, ನಮೀಬ್ ಮರುಭೂಮಿಯ ಕಡಲತೀರದವರೆಗೆ ಹೋಗಿಬಂದವನು. ಅಲ್ಲಿನ ಅಭಯಾರಣ್ಯಗಳ ಅನೇಕ ಬಿಡಾರಗಳಿಗೆ ಬೇಲಿಯೇ ಇಲ್ಲ. ರಾತ್ರಿ ಆನೆ ಡೇರೆಯ ಪಕ್ಕದಲ್ಲೇ ಹಾದುಹೋಗುತ್ತದೆ. ನಮೀಬ್ ತೀರದಲ್ಲಿ ವರ್ಷವಿಡೀ ಒಂದಂಗುಲ ಮಳೆಯೂ ಬೀಳದು. ಅಲ್ಲಿನ ಒಂದು ಜಾತಿಯ ಜೀರುಂಡೆ ಬೆನ್ನೆತ್ತಿ ನಿಂತು, ಮೈಮೇಲೆ ಹನಿಗಟ್ಟಿದ ಮಂಜನ್ನೇ ಕುಡಿದು ಬದುಕುತ್ತದೆ. ಕುದುರೆಮುಖದ ಸುಮಾರು ಏಳು ಸಾವಿರ ಮಿಲಿಮೀಟರ್ ಮಳೆಯನ್ನು ಬಲ್ಲ ನಮಗೆ, ಕಾಡೆಂದರೆ ಜಿಗಣೆ ಮತ್ತು ಕೆಸರೆಂದು ತಿಳಿದ ನಮಗೆ, ನೆರಳೇ ಇಲ್ಲದ ಬೈಬಲಿನ ಬೆಂಗಾಡು ಕಣ್ಣಿಗೆ ಕಟ್ಟುವುದು ಕಷ್ಟವೇ.

"ದೊಡ್ಡಪ್ಪ, ನಮ್ಮ ಬೆಟ್ಟಗಳಲ್ಲೂ ಡೇರೆ ಹಾಕಿ ನಾಲ್ಕು ದಿನ ತಿರುಗೋಣ" ಎಂದ. ಅರವತ್ತು ದಾಟಿದವನಿಗೆ ಇದು ಬೇಕಿತ್ತೇ ಎಂದು ಮನೆಯಾಕೆ ಕೇಳಿದಳು. ಯಾಜಕಕಾಂಡದ ಪರ್ಣಕುಟೀರಗಳ ಹಬ್ಬವನ್ನು ನೆನಪಿಸಿದೆ. ಇಸ್ರಯೇಲರು ಏಳು ದಿನ ಮನೆ ಬಿಟ್ಟು ಗುಡಿಸಲುಗಳಲ್ಲಿ ಇರಬೇಕಿತ್ತಲ್ಲ! ಅವಳು ನಕ್ಕು, ಅವಲಕ್ಕಿ, ಉಪ್ಪಿನಕಾಯಿ ಕಟ್ಟಿಕೊಟ್ಟಳು.

ನಮ್ಮ ಸಂರಕ್ಷಿತ ಕಾಡಿನೊಳಗೆ ಮನಬಂದಲ್ಲಿ ಡೇರೆ ಹಾಕುವಂತಿಲ್ಲ. ಅದು ಸರಿಯಾದ ನಿಯಮವೇ. ಆದ್ದರಿಂದ ರಾತ್ರಿಗಳನ್ನು ಪರಿಚಯಸ್ಥರ ತೋಟಗಳಲ್ಲಿ ಕಳೆಯುವುದೆಂದು ನಿಶ್ಚಯಿಸಿದೆವು. ಮೊದಲ ರಾತ್ರಿ ಆಲ್ದೂರಿನ ಬಳಿ, ಕಾಫಿ ಹರಡಿದ ಕಣದ ಮೂಲೆಯಲ್ಲಿ. ಬೈನೆ ಮರದ ಕಡೆ ಡೇರೆ ಹಾಕಬೇಡಿ, ಆನೆಯ ದಾರಿ ಅದು, ಎಂದು ತೋಟದ ರೈಟರು ಎಚ್ಚರಿಸಿದರು. ಈ ಭಾಗದಲ್ಲಿ ಕಳೆದ ಕೆಲವು ವರ್ಷಗಳಲ್ಲಿ ಕಾಫಿ ಕೆಲಸಕ್ಕೆ ಹೋದವರು ಆನೆಗೆ ಬಲಿಯಾದುದನ್ನು ನೀವು ಬಲ್ಲಿರಿ. ಆಫ್ರಿಕಾದ ಡೇರೆಯಲ್ಲಿ ಆನೆಯ ಸದ್ದು ಪ್ರವಾಸಿಗೆ ರೋಮಾಂಚನ. ಲೈನುಮನೆಯ ತಾಯಿಗೆ ಅದು ಬೇರೆಯೇ ಸದ್ದು. ಆ ರಾತ್ರಿ ಆನೆ ಬರಲಿಲ್ಲ. ನಾನಂತೂ ಜಪಸರ ಹಿಡಿದೇ ಮಲಗಿದ್ದೆ.

ಮಾರನೆಯ ದಿನ ಮುತ್ತೋಡಿ. 1951ರಲ್ಲಿ ಜಾಗರ ಕಣಿವೆಯ ಅಭಯಾರಣ್ಯವಾಗಿ ಆರಂಭವಾದದ್ದು 1974ರಲ್ಲಿ ಭದ್ರಾ ಅಭಯಾರಣ್ಯವಾಗಿ ವಿಸ್ತರಿಸಿ, 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಒಳಗೆ ಒಂದು ವಿಶಾಲವಾದ ಹುಲ್ಲುಬಯಲು. ಜಿಂಕೆಗಳ ಹಿಂಡು, ಅವುಗಳ ಆಚೆ ಐದಾರು ಕಾಟಿಗಳು. ಎಷ್ಟು ಶಾಂತವೆಂದರೆ, ಮಾರ್ಕನ ಮಾತು ಇದೇ ಇರಬೇಕು ಎನಿಸಿತು. ಆಗ ಜೀಪಿನ ಚಾಲಕ ಹೇಳಿದ: "ಇದು ಗದ್ದೆ ಸ್ವಾಮಿ. ಅದೋ, ಅಲ್ಲಿ ಮನೆಗಳಿದ್ದವು."

ದಿಟ್ಟಿಸಿದಾಗ ಬದುಗಳು ಕಂಡವು. 2001-02ರ ಹೊತ್ತಿಗೆ ಭದ್ರಾದ ಒಳಗಿದ್ದ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಎಂ.ಸಿ.ಹಳ್ಳಿಗೂ ಕೆಳಗೂರಿಗೂ ಸ್ಥಳಾಂತರಗೊಂಡವು. ದೇಶದಲ್ಲಿ ನಡೆದ ಇಂಥ ಸ್ಥಳಾಂತರಗಳಲ್ಲಿ ಉತ್ತಮವಾದದ್ದೆಂದು ಇದನ್ನು ತಿಳಿದವರು ಹೊಗಳುತ್ತಾರೆ. ಹೊಗಳಿಕೆ ಸುಳ್ಳಲ್ಲ. ದಾರಿಯಲ್ಲಿ ಕೆಳಗೂರಿನ ಕಡೆ ತಿರುಗಿ, ಒಬ್ಬ ಅಜ್ಜಿಯ ಜಗಲಿಯಲ್ಲಿ ಕುಳಿತೆವು. ಕಾಡಿನಲ್ಲಿದ್ದಾಗ ಬೆಳೆದ ಭತ್ತದಲ್ಲಿ ಪ್ರಾಣಿಗಳು ತಿಂದು ಉಳಿದದ್ದು ಇವರಿಗೆ. ಬಸುರಿಯನ್ನು ಕಂಬಳಿ ಕಟ್ಟಿ ಹೊತ್ತು ನಡೆಯಬೇಕಿತ್ತು. ಈಗ ಮೊಮ್ಮಗಳು ಕಾಲೇಜಿಗೆ ಹೋಗುತ್ತಾಳೆ. "ಬಂದದ್ದು ಒಳ್ಳೇದೇ ಆಯ್ತು" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ್ವನ್ನ ಅಲ್ಲೇ ಮಣ್ಣು ಮಾಡಿದ್ದು. ಈಗ ಹೋದ್ರೂ ಜಾಗ ಗುರ್ತು ಸಿಗಾಕಿಲ್ಲ" ಎಂದರು.

ನವೆಂಬರ್ 2ರಂದು ನಾವು ಗುರುಗಳೊಡನೆ ಸಮಾಧಿಯಿಂದ ಸಮಾಧಿಗೆ ನಡೆದು, ಮೇಣದ ಬತ್ತಿ ಹಚ್ಚುತ್ತೇವೆ. ನಮ್ಮ ತಂದೆತಾಯಿಯರ ಹೆಸರು ಕಲ್ಲಿನ ಮೇಲಿದೆ. ಅಜ್ಜಿಯ ತಾಯಿಯ ಮೇಲೆ ಜಿಂಕೆಗಳು ಮೇಯುತ್ತಿವೆ. ಇದು ದುಃಖವೋ ಒಂದು ಬಗೆಯ ಸದ್ಗತಿಯೋ, ನನಗಿನ್ನೂ ತೀರ್ಮಾನಕ್ಕೆ ಬರಲಾಗಿಲ್ಲ.

ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿನ್ನುವಾಗ ಹುಡುಗ ಎಂದಿನಂತೆ ಮಾತಾಡಲಿಲ್ಲ. ಕೊನೆಗೆ ಕಲಹಾರಿಯ ಕತೆಯ ಉಳಿದರ್ಧವನ್ನು ಹೇಳಿದ. ಅಲ್ಲಿನ ಮಧ್ಯ ಕಲಹಾರಿ ಅಭಯಾರಣ್ಯ ನಮ್ಮ ಜಿಲ್ಲೆಯ ಏಳು ಪಟ್ಟಿಗಿಂತಲೂ ದೊಡ್ಡದು. 1961ರಲ್ಲಿ ಅದನ್ನು ರಚಿಸಿದಾಗ ಪ್ರಾಣಿಗಳೊಂದಿಗೆ, ಅಲ್ಲಿ ಅನಾದಿಯಿಂದ ಬೇಟೆಯಾಡಿ ಬದುಕಿದ ಸ್ಯಾನ್ ಜನರ ನೆಲೆಯೂ ಉಳಿಯಲೆಂಬ ಉದ್ದೇಶವಿತ್ತು. ಆದರೆ 1997ರಲ್ಲೂ 2002ರಲ್ಲೂ ಸರ್ಕಾರ ಅವರನ್ನು ಹೊರಗೆ ಸಾಗಿಸಿತು. ಅವರು ನ್ಯಾಯಾಲಯಕ್ಕೆ ಹೋದರು. 2006ರ ಡಿಸೆಂಬರ್‌ನಲ್ಲಿ ಅಲ್ಲಿನ ಹೈಕೋರ್ಟ್, ಅವರನ್ನು ಹೊರಹಾಕಿದ್ದು ಕಾನೂನುಬಾಹಿರವೆಂದು ತೀರ್ಪಿತ್ತಿತು. ಮರುಭೂಮಿಗೆ ಮರಳಿದವರಿಗೆ ಕೊಳವೆಬಾವಿಯ ನೀರಿಗಾಗಿ ಮತ್ತೆ ಹೋರಾಟ. ಆ ಹಕ್ಕು ದೊರೆತದ್ದು 2011ರಲ್ಲಿ. "ನಾನು ಡೇರೆ ಹಾಕಿದ್ದು ಅದೇ ಮರಳಿನಲ್ಲಿ ದೊಡ್ಡಪ್ಪ. ಎಷ್ಟು ನಿರ್ಜನ ಅಂತ ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದೆ."

ಕಳಸ ದಾಟಿ ಸಂಸೆ ತಲುಪುವಾಗ ಕತ್ತಲಾಗಿತ್ತು. ಕುದುರೆಮುಖ ರಾಷ್ಟ್ರೀಯ ಉದ್ಯಾನ 1987ರಲ್ಲಿ ಘೋಷಣೆಯಾದದ್ದು. ಅಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ನಿಂತಿತು. ಭದ್ರೆಯ ನೀರು ಕೆಂಪಾಗುವುದೂ ತಪ್ಪಿತು. ಉದ್ಯಾನದ ಒಳಗಿನ ಕುಟುಂಬಗಳಲ್ಲಿ ಕೆಲವು ಪರಿಹಾರ ಪಡೆದು ಹೊರಬಂದಿವೆ, ಕೆಲವು ಇನ್ನೂ ಅಲ್ಲೇ ಇವೆ. ನಮಗೆ ಅಂಗಳ ಕೊಟ್ಟ ಯಜಮಾನರ ಅಣ್ಣನ ಮನೆ ಒಳಗಿದೆ. ಅವರೂ ಬಂದು ಬೆಂಕಿಯ ಮುಂದೆ ಕುಳಿತು, ಸ್ಯಾನ್ ಜನರ ಕತೆಯನ್ನು ಪೂರ್ತಿ ಕೇಳಿದರು.

"ಮರಳಿ ಹೋದೋರಲ್ಲಿ ಹುಡುಗರೂ ಇದ್ರಾ, ಬರೀ ಮುದುಕರಾ?" ಎಂದು ಅವರು ವಿಚಾರಿಸಿದರು. ಹುಡುಗನಿಗೆ ಉತ್ತರ ಗೊತ್ತಿರಲಿಲ್ಲ. ಮೊಬೈಲ್ ತೆಗೆದ; ಅಲ್ಲಿ ಸಿಗ್ನಲ್ ಇಲ್ಲ. ಬೆಳಿಗ್ಗೆ ಇಬ್ಬನಿಯಲ್ಲಿ ತೊಯ್ದ ಡೇರೆಯನ್ನು ಮಡಚುವ ಮೊದಲು ಅವನು ಅವರ ಅಂಚೆ ವಿಳಾಸವನ್ನು ಬರೆದುಕೊಂಡ. ಗಾಬೊರೋನ್‌ನಲ್ಲಿ ಕೇಳಿ ತಿಳಿದು ಕಾಗದ ಹಾಕುತ್ತಾನಂತೆ.